ಖಾಲಿ ಮನೆಯ ಒಂದು ಗಂಟೆ

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋಗಿ, ಮೊದಲ ಸಾಧಾರಣ ಬೆಳಗು ಬಂದಿತ್ತು. ಹಾಲಿನವನು ಎಂದಿನಂತೆ ಬಾಗಿಲು ತಟ್ಟಿದ. ನೀರಿನ ಪಂಪು ಎಂದಿನಂತೆ ಕೆಮ್ಮಿತು. ಅವಳು ಎದ್ದು ಹಾಸಿಗೆ ಮಡಚಿ, ತಾನಿನ್ನೂ ಅತ್ತಿಲ್ಲ ಎಂಬುದನ್ನು ಮಾಡದೆ ಉಳಿದ ಮನೆಗೆಲಸದಂತೆ ನೆನಪಿಸಿಕೊಂಡಳು.

ಅಳುವುದಕ್ಕೆ ಪುರುಸೊತ್ತೇ ಆಗಿರಲಿಲ್ಲ. ಮನೆ ತುಂಬ ಜನ. ಅಳಲೆಂದು ಬಾಯಿ ತೆರೆದಾಗಲೆಲ್ಲ ಯಾರಾದರೂ ಒಂದು ಲೋಟ ಕಾಫಿ ತಂದು ಹಿಡಿಯುತ್ತಿದ್ದರು. ತೆರೆದ ಬಾಯಿಗೆ ಬೇರೆ ಉಪಯೋಗ ಕಾಣದೆ ಅವಳು ಕುಡಿದುಬಿಡುತ್ತಿದ್ದಳು. ಈಗ ಅವಳಿಗೆ ಬೇಕಾಗಿದ್ದುದು ಒಂದೇ: ಯಾರೂ ಇಲ್ಲದ ಮನೆ, ಒಂದೇ ಒಂದು ಗಂಟೆ. ಉಳಿದಿದ್ದವಳು ಗಂಡನ ಅಕ್ಕ ಮಾತ್ರ. ಅವಳೂ ಹನ್ನೊಂದಕ್ಕೆ ಪೇಟೆಗೆ ಹೋಗಿಬರುವುದಾಗಿ ಹೇಳಿದ್ದಳು.

ಅಕ್ಕ ಚಪ್ಪಲಿ ಮೆಟ್ಟುವಷ್ಟರಲ್ಲಿ ಅಲ್ಪವಿರಾಮ ಬಂದರು.

ಊರಿನ ಇಂಗ್ಲಿಷ್ ಪತ್ರಿಕೆಯಲ್ಲಿ ಕರಡು ತಿದ್ದುವವರು ಇಬ್ಬರೇ ಇದ್ದರು. ಒಬ್ಬ ಅವಳ ಗಂಡ, ಇನ್ನೊಬ್ಬರು ಇವರು. ಮಾತಿನ ನಡುವೆ ನಿಂತು, ಮುಂದಿನ ಪದವನ್ನು ಬೇರೆ ಯಾರಾದರೂ ಕೊಟ್ಟಾರೇನೋ ಎಂದು ಕಾಯುವ ಅಭ್ಯಾಸಕ್ಕಾಗಿ ಕಚೇರಿಯೆಲ್ಲ ಅವರನ್ನು ಹಾಗೆ ಕರೆಯುತ್ತಿತ್ತು.

"ಅಮ್ಮಾ, ನಾಳೆ ಪೇಪರಲ್ಲಿ ನಮ್ಮ ಕಡೆಯಿಂದ... ಒಂದು... "

"ಪ್ರಕಟಣೆ?" ಎಂದಳು ಅವಳು.

"ಹ್ಞಾ, ಅದೇ. ಒಂದ್ಸಲ ನೀವು ನೋಡಿ ಹ್ಞೂ ಅಂದ್ರೆ..."

ಚೀಟಿಯಲ್ಲಿ ಒಂದೇ ಸಾಲಿತ್ತು. 'ವಿ ರಿಗ್ರೆಟ್ ಅವರ್ ಕಲೀಗ್ ಲೀವಿಂಗ್ ಅಸ್.' ನಮ್ಮ ಸಹೋದ್ಯೋಗಿ ನಮ್ಮನ್ನು ಬಿಟ್ಟುಹೋದುದಕ್ಕೆ ವಿಷಾದಿಸುತ್ತೇವೆ. ಅವಳು ಹ್ಞೂ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಅಕ್ಕ ಒಂದು ಕಾಲಿನ ಚಪ್ಪಲಿಯಲ್ಲೇ ಬಂದು ಚೀಟಿ ಕಿತ್ತುಕೊಂಡಳು.

"ತಾಳು ತಾಳು. ಜೀವಮಾನವೆಲ್ಲ ಊರಿನ ತಪ್ಪು ತಿದ್ದಿದವನು ನನ್ನ ತಮ್ಮ. ಅವನ ಸಾವಲ್ಲೇ ತಪ್ಪಾದ್ರೆ ಜನ ನಗಲ್ವಾ? ಮೇಷ್ಟ್ರಿಗೆ ತೋರಿಸೋಣ."

ಮೇಲಿನ ಮನೆಯ ಮೇಷ್ಟ್ರು ನಿವೃತ್ತರಾದ ದಿನದಿಂದ ತಪ್ಪಿಗಾಗಿ ಹಸಿದಿದ್ದರು. ಕೂಗು ಕೇಳಿಸಿದ್ದೇ ತಡ, ಕನ್ನಡಕ ಒರೆಸುತ್ತ ಮೆಟ್ಟಿಲಿಳಿದು ಬಂದರು. ಸಾಲನ್ನು ಓದಿದರು. ನಾಲಗೆ ಲೊಚಗುಟ್ಟಿದರು.

"ಕಲೀಗ್ ಆದ್ಮೇಲೆ ಮೇಲೊಂದು ಕೊಕ್ಕೆ, ಪಕ್ಕದಲ್ಲೊಂದು ಎಸ್ ಬೇಕಲ್ಲಯ್ಯ! ಲೀವಿಂಗ್ ಅಂದ್ರೆ ಹೋಗುವಿಕೆ. ಯಾರ ಹೋಗುವಿಕೆ? ಅದಕ್ಕೊಬ್ಬ ಯಜಮಾನ ಬೇಡ್ವಾ?"

"ಅಯ್ಯೋ, ಹೋದವರಿಗೆ ಇನ್ನೆಂಥಾ ಯಜಮಾನಿಕೆ ಸಾರ್?" ಬಾಗಿಲಿನಿಂದ ದನಿ ಬಂತು. ಕೆಳಮನೆಯ ನರ್ಸಮ್ಮ ರಾತ್ರಿ ಡ್ಯೂಟಿ ಮುಗಿಸಿ ಮಲಗಲು ಹೊರಟಿದ್ದವಳು, ಗದ್ದಲ ಕೇಳಿ ಮೇಲೆ ಬಂದಿದ್ದಳು. "ವಾರ್ಡಲ್ಲಿ ದಿನಾ ಹೇಳ್ತೀವಿ. ಡಾಕ್ಟರ್ ಕಮಿಂಗ್, ಪೇಶೆಂಟ್ ಗೋಯಿಂಗ್. ಎಲ್ಲರಿಗೂ ಅರ್ಥ ಆಗತ್ತೆ. ಎಸ್ ಹಾಕಿ ಮಾತಾಡಿದ್ರೆ ಅಷ್ಟೊತ್ತಿಗೆ ಪೇಶೆಂಟೇ ಇರಲ್ಲ."

"ಅದು ಆಡುಮಾತು ಕಣಮ್ಮ. ಇದು ಅಚ್ಚಾಗೋದು."

"ಆಡೋರೇ ತಾನೇ ಓದೋದು?"

ಅಕ್ಕ ಆ ಒಂದು ಚಪ್ಪಲಿಯನ್ನೂ ಬಿಟ್ಟು ಕುಳಿತುಬಿಟ್ಟಳು. ಪೇಟೆಗೆ ಹೋಗುವ ಮಾತು ಮುಳುಗಿತು. ಹನ್ನೊಂದು ಕಳೆದು ಹನ್ನೆರಡಾಯಿತು. ಚೀಟಿಯ ಮೇಲೆ ಎಸ್ ಒಮ್ಮೆ ಬಂತು, ಒಮ್ಮೆ ಹೋಯಿತು, ಅತ್ತೆಮನೆಗೆ ಹೊಂದಿಕೊಳ್ಳದ ಸೊಸೆಯಂತೆ. ಮೇಷ್ಟ್ರು ಮೇಲಿನಿಂದ ದಪ್ಪ ಪುಸ್ತಕ ತಂದರು. ನರ್ಸಮ್ಮ ತನ್ನ ಆಸ್ಪತ್ರೆಯ ದೊಡ್ಡ ಡಾಕ್ಟರಿಗೇ ಫೋನು ಹಚ್ಚಿದಳು. ಅವರು ಶಸ್ತ್ರಚಿಕಿತ್ಸೆಯಲ್ಲಿದ್ದರು.

ಅವಳು ಅಡುಗೆಮನೆಗೆ ಹೋದಳು. ಅಲ್ಲಿ ಅಲ್ಪವಿರಾಮ ಸಿಂಕಿನ ಪಕ್ಕ ನಿಂತು, ತಾವು ಕುಡಿದ ಲೋಟವನ್ನು ತಾವೇ ತೊಳೆಯುತ್ತಿದ್ದರು.

"ಅದನ್ನ ಇಡಿ. ನಿಮಗೆ ಡ್ಯೂಟಿಗೆ ಹೊತ್ತಾಗಲ್ವಾ?"

"ಮೂರಕ್ಕೆ... ಅಸಲಿಗೆ ಇವತ್ತು ನಂದು ಅಲ್ಲ, ಅವನು ವಾಪಸ್ ಕೊಡ್ಬೇಕಿತ್ತು..." ಎಂದವರು ನಾಲಗೆ ಕಚ್ಚಿಕೊಂಡರು. "ಕೇಳೋಕೆ ಬಂದದ್ದಲ್ಲಮ್ಮ. ಬಾಯ್ತಪ್ಪಿ..."

"ಏನು ವಾಪಸ್ ಕೊಡಬೇಕಿತ್ತು?"

"ಒಂದು ಪಾಳಿ. ಹೋದ ತಿಂಗಳು ನನ್ನಿಂದ... ಒಂದು ಭಾನುವಾರ... ಎರವಲು ತಗೊಂಡಿದ್ದ. ಅವನ ಬದಲು ನಾನು ಕೂತಿದ್ದೆ. ಹೆಂಡತಿ ಜೊತೆ ಒಂದಿಡೀ ದಿನ ಇರ್ಬೇಕು ಮಾರಾಯಾ, ಅಂದಿದ್ದ."

ಅವಳು ಒಲೆ ಆರಿಸಿದಳು.

ಆ ಭಾನುವಾರ ಅವಳಿಗೆ ನೆನಪಿತ್ತು. ಅವಳು ಪರದೆ ಒಗೆಯಲು ಹಾಕಿದ್ದಳು. ರಜೆಯಿಲ್ಲದ ದಿನ ಗಂಡ ಮನೆಯಲ್ಲಿ ಉಳಿದದ್ದು ಯಾಕೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೋದಲ್ಲೆಲ್ಲ ಹಿಂದೆ ಬಂದು, ಒದ್ದೆ ಪರದೆಯ ಆಚೆ ನಿಂತು ಏನೇನೋ ಮಾತಾಡುತ್ತಿದ್ದ. "ನೀವು ಮನೇಲಿದ್ರೆ ನಂಗೊಂದು ಕೆಲಸಾನೂ ಆಗಲ್ಲ. ಕಾಲಿಗೆ ಅಡ್ಡ ಬರ್ಬೇಡಿ," ಎಂದು ಗದರಿ, ಪೇಪರು ಕೊಟ್ಟು ಹೊರಗೆ ಕೂರಿಸಿದ್ದಳು. ಸಂಜೆಯ ತನಕ ಅವನು ಅಲ್ಲೇ ಕುಳಿತು ಓದಿದ್ದ. ಓದಿದ್ದನ್ನೇ ಓದಿದ್ದಿರಬೇಕು.

"ಇವತ್ತು ನಿಮಗೇನು ಕೆಲಸ ಇತ್ತು?" ಅವಳು ಕೇಳಿದಳು.

"ಒಂದು ಕಡೆ ಹೋಗ್ಬೇಕು ಅಂತ... ಬಹಳ ಬೇಕಾದ ಕಡೆ... ಹೋಗಿ ಸ್ವಲ್ಪ..."

"ಅಲ್ಪವಿರಾಮಾ!" ಮೇಷ್ಟ್ರು ಹೊರಗಿನಿಂದ ಕೂಗಿದರು. "ಪೆನ್ನಿನ ಮಸಿ ಮುಗೀತು, ನಿಮ್ಮದು ಕೊಡಿ!"

ಅಲ್ಪವಿರಾಮರ ಮಾತಿಗೆ ಪೂರ್ಣವಿರಾಮ ಬೀಳಲಿಲ್ಲ. ಆದರೆ ಅವಳು ಅಷ್ಟರಲ್ಲಿ ನಿರ್ಧಾರ ಮಾಡಿಯಾಗಿತ್ತು. ಗಂಡ ಮನೆಗೆ ತಂದದ್ದೆಲ್ಲ ಸ್ವಂತದ್ದೇ. ಹೀಗೆ ಎರವಲು ತಂದದ್ದು ಅದೊಂದೇ ದಿನ. ಅದನ್ನು ಅವಳು ಬಳಸಲಿಲ್ಲ. ಕೊನೆಪಕ್ಷ ಈಗ ಮರಳಿಸಬಹುದು. ಎಂ.ಎ. ಓದುವಾಗ ಕಲಿತ ಇಂಗ್ಲಿಷು ಇತ್ತು, ಮನೆಗೆ ತಂದ ಕರಡುಗಳನ್ನು ಅವನ ಜೊತೆ ಕೂತು ನೋಡಿದ ಅಭ್ಯಾಸವೂ ಇತ್ತು. ಇನ್ನೊಂದು ಆಸೆಯನ್ನು ಅವಳು ತನಗೂ ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ: ಕರಡು ತಿದ್ದುವ ಕೋಣೆಗೆ ಒಂದು ಬಾಗಿಲಿದೆ, ಅದನ್ನು ಮುಚ್ಚಬಹುದು.

"ನೀವು ಹೋಗಬೇಕಾದ ಕಡೆ ಹೋಗಿ. ಪಾಳಿ ನಾನು ಕೂತ್ಕೊತೀನಿ. ನಿಮ್ಮ ಅಚ್ಚುಮನೆಯ ಮೇಸ್ತ್ರಿಗೆ ಒಂದು ಮಾತು ಹೇಳ್ಬಿಡಿ."

ಅಲ್ಪವಿರಾಮ ಬೇಡ ಎನ್ನಲು ಬಾಯಿ ತೆರೆದರು. ಅವರು ಆ ಪದವನ್ನು ಹುಡುಕುವಷ್ಟರಲ್ಲಿ ಅವಳು ಸೀರೆ ಬದಲಿಸಲು ಹೋಗಿದ್ದಳು. ಅವರು ಮೇಸ್ತ್ರಿಗೆ ಹೇಳಲು ಹೊರಟರು.

ಹೊರಡುವಾಗ ಅವಳು ನಡುಮನೆಯಲ್ಲಿ ನಿಂತು, "ನಾನು ಹೊರಗೆ ಹೋಗಿ ಬರ್ತೀನಿ," ಎಂದಳು. ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ, ತಾಳು ಎಂಬಂತೆ ಬೆರಳೆತ್ತಿದರು. ಅಕ್ಕ ನರ್ಸಮ್ಮನಿಗೆ, "ಎಸ್ ಒಂದು ಅರ್ಧ ಹಾಕಿದ್ರೆ ಆಗಲ್ವಾ?" ಎಂದು ಕೇಳುತ್ತಿದ್ದಳು. ಹೋಗುವುದರ ಬಗ್ಗೆ ಅಷ್ಟು ಹೊತ್ತು ವಾದಿಸಿದವರಲ್ಲಿ ಒಬ್ಬರಿಗೂ ಅವಳು ಹೋದದ್ದು ತಿಳಿಯಲಿಲ್ಲ.

ಪತ್ರಿಕೆಯ ಮೇಸ್ತ್ರಿ ಅವಳನ್ನು ಕಂಡು ಎದ್ದು ನಿಂತ, ಫ್ಯಾನು ಹಾಕಿದ, ಹೊರಗೆ ಹೋದ. ಅವಳು ಬಾಗಿಲು ಮುಚ್ಚಿದಳು. ಗಂಡನ ಕುರ್ಚಿಯಲ್ಲಿ ಕುಳಿತಳು. ಎದೆಯ ಒಳಗಿನಿಂದ ಏನೋ ನಿಧಾನವಾಗಿ ಮೇಲೇಳತೊಡಗಿತು. ಅವಳು ಸೆರಗಿನ ತುದಿ ಕೈಗೆತ್ತಿಕೊಂಡಳು. ಕರಡುಗಳು ಬಂದು ಹೋಗುವ ಗೋಡೆಯ ಕಿಂಡಿಯಿಂದ ಹವಾಮಾನ ವರದಿ ಬಿತ್ತು.

ಅದನ್ನು ತಿದ್ದಿ ಕಳಿಸಿ ಮತ್ತೆ ಮುಖ ಸಿದ್ಧಮಾಡಿಕೊಂಡಳು. ಪೇಟೆಧಾರಣೆ ಬಿತ್ತು. ಅದರ ಹಿಂದೆ ಯಾವನೋ ಮಂತ್ರಿಯ ಭಾಷಣ. ಭಾಷಣ ಓದಿದ ಮೇಲೆ ಯಾರಿಗೂ ಅಳು ಬರುವುದಿಲ್ಲ, ಬಂದರೂ ಬೇರೆ ಕಾರಣಕ್ಕೆ.

ಆಮೇಲೆ ಶ್ರದ್ಧಾಂಜಲಿಯ ಪುಟ ಬಂತು. ಅದರಲ್ಲಿ ಅವಳ ಗಂಡ ಮೂರು ಸಲ ತೀರಿಕೊಂಡಿದ್ದ. ಎಸ್ ಇದ್ದದ್ದನ್ನು ಮೇಷ್ಟ್ರು ಫೋನಿನಲ್ಲಿ ಬರೆಸಿದ್ದರು, ಎಸ್ ಇಲ್ಲದ್ದನ್ನು ನರ್ಸಮ್ಮ. ಇಬ್ಬರಿಗೂ ಬೇಸರವಾಗದಿರಲೆಂದು ಅಕ್ಕ ಬರೆಸಿದ್ದರಲ್ಲಿ ಎರಡೂ ಇದ್ದವು. ಮೇಸ್ತ್ರಿ ಮೂವರ ಮಾತನ್ನೂ ಮೀರದೆ ಒಂದರ ಕೆಳಗೊಂದು ಜೋಡಿಸಿದ್ದ.

ಅವಳು ಕೆಂಪು ಪೆನ್ನು ಹಿಡಿದು ಕುಳಿತಳು. ಎರಡನ್ನು ಹೊಡೆದುಹಾಕಬೇಕಿತ್ತು. ಯಾವ ಎರಡು?

ಪರದೆಯ ಆಚೆಯಿಂದ ಅವನು ಅಂದು ನಗುತ್ತ ಹೇಳಿದ್ದು ಕಿವಿಯಲ್ಲಿ ಆಡಿತು. "ಇಂಗ್ಲಿಷಲ್ಲಿ ಬೈಯೇ ಮಾರಾಯ್ತಿ. 'ಹಸ್ಬೆಂಡ್ಸ್ ಬೀಯಿಂಗ್ ಹಿಯರ್' ಅಂತ ಎಸ್ ಹಾಕಿ ಬೈದ್ರೆ ಅಡ್ಡ ಆಗೋದು ನನ್ನ ಇರುವಿಕೆ, ನಾನಲ್ಲ. ಎಷ್ಟು ಸಮಾಧಾನ ನೋಡು." ಆಗ ಅವಳು ಬಕೆಟ್ಟು ಎತ್ತಿಕೊಂಡು ಹೋಗಿಬಿಟ್ಟಿದ್ದಳು.

ಅವಳು ಮೇಷ್ಟ್ರ ಸಾಲನ್ನು ಉಳಿಸಿಕೊಂಡಳು. ಎಸ್ ಇದ್ದರೆ ವಿಷಾದ ಅವನು ಹೋದುದಕ್ಕೆ, ಅವನ ಬಗ್ಗೆ ಅಲ್ಲ. ಉಳಿದೆರಡನ್ನು ಹೊಡೆದಳು. ಪುಟ ಕಿಂಡಿಯಲ್ಲಿ ಹೋಯಿತು. ಈಗ ಅಳು ನಿಜವಾಗಿ ಬರುವುದರಲ್ಲಿತ್ತು.

ಮೇಸ್ತ್ರಿ ಬಾಗಿಲು ತೆರೆದ. "ಅಮ್ಮಾ, ಫೋನು. ಅಲ್ಪವಿರಾಮ ಅವರದ್ದು."

"ಅಮ್ಮಾ, ನಾನು... ನಿಮ್ಮ ಮನೇಲಿದ್ದೀನಿ."

"ನಮ್ಮ ಮನೇಲಾ? ಬಹಳ ಬೇಕಾದ ಕಡೆ ಹೋಗ್ಬೇಕು ಅಂದ್ರಲ್ಲ?"

"ಇದೇ ಅಮ್ಮಾ, ಆ ಕಡೆ. ಅವನಿಲ್ಲ ಅನ್ನೋದಕ್ಕೆ ನಾನಿನ್ನೂ ಸರಿಯಾಗಿ ಅತ್ತೇ ಇರಲಿಲ್ಲ. ಆಫೀಸಲ್ಲಿ ಆಗಲ್ಲ, ಪುಟ ಬೀಳ್ತಾನೇ ಇರತ್ತೆ. ನಮ್ಮ ಮನೇಲಿ ಒಂಬತ್ತು ಜನ. ಬೆಳಿಗ್ಗೆ ಇಲ್ಲಿಗೆ ಬಂದ್ರೆ ವ್ಯಾಕರಣ ನಡೀತಿತ್ತು." ಅವಳು ಕೇಳಿದಂತೆ, ಅವರು ಎಲ್ಲೂ ನಿಲ್ಲದೆ ಮಾತಾಡಿದ್ದು ಅದೇ ಮೊದಲು. "ಈಗ ಬಂದು ನೋಡ್ತೀನಿ, ಬಾಗಿಲು ಹಾರುಹೊಡೆದಿದೆ, ಒಳಗೆ ನರಪಿಳ್ಳೆ ಇಲ್ಲ. ನೀವು ಕಾಣ್ತಿಲ್ಲ ಅಂತ ಎಲ್ಲರೂ ಹುಡುಕೋಕೆ ಹೋಗಿದಾರಂತೆ, ಎದುರುಮನೆಯವರು ಹೇಳಿದ್ರು. ಮೇಷ್ಟ್ರು ಕೆರೆ ಕಡೆ, ನರ್ಸಮ್ಮ ಆಸ್ಪತ್ರೆ, ಅಕ್ಕ ಪೊಲೀಸು. ತಿಳಿಸೋಣ ಅಂದ್ರೆ ಮೂವರೂ ಫೋನು ಇಲ್ಲೇ ಬಿಟ್ಟು ಹೋಗಿದಾರೆ."

"ಮತ್ತೆ ನೀವು?"

"ಕೂತೆ. ಅಳು ಬಂತು. ತಡೆಯೋರು ಯಾರೂ ಇರಲಿಲ್ಲ, ಒಂದು ಗಂಟೆ ಪೂರ್ತಿ ಅತ್ತುಬಿಟ್ಟೆ." ಮೂಗು ಒರೆಸಿಕೊಂಡ ಸದ್ದು. "ಎಂಥಾ ಒಳ್ಳೆ ಮನೆ ಅಮ್ಮಾ ನಿಮ್ಮದು. ಎಷ್ಟು ನಿಶ್ಶಬ್ದ!"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಈಗ ಹಗುರಾಗಿದೆ. ನಾನು ಬಂದು ಕೂತ್ಕೊಳ್ಲಾ? ನೀವು ಬಂದ್ಬಿಡಿ. ಅಯ್ಯೋ, ತಾಳಿ... ಕೆಳಗೆ ಜೀಪು ನಿಂತ್ಹಾಗಾಯ್ತು. ಅಕ್ಕ ಬಂದ್ರು. ಇಬ್ಬರು ಪೊಲೀಸರೂ ಇದಾರೆ. ಹಿಂದೆ ಮೇಷ್ಟ್ರು, ಕಾಲೆಲ್ಲ ಕೆಸರು..."

"ನಾನು ಇಲ್ಲಿದ್ದೀನಿ ಅಂತ ಹೇಳಿ. ಎಲ್ಲರಿಗೂ ಕಾಫಿ ಮಾಡಿಕೊಡಿ, ಸಕ್ಕರೆ ಮೇಲಿನ ಡಬ್ಬೀಲಿದೆ. ನೀವು ಬರೋದು ಬೇಡ. ನಮ್ಮವರು ನಿಮ್ಮಿಂದ ತಗೊಂಡದ್ದು ಇಡೀ ದಿನ, ಅರ್ಧ ಅಲ್ಲ."

ಫೋನಿಟ್ಟು ಬಂದು ಕುಳಿತಳು. ಬರುವುದರಲ್ಲಿದ್ದ ಅಳು ಅಷ್ಟರಲ್ಲಿ ಹೊರಟುಹೋಗಿತ್ತು. ಕಿಂಡಿಯಿಂದ ಕ್ರೀಡಾಪುಟ ಬಿತ್ತು. ಅವಳು ಅದನ್ನು ನೇರಮಾಡಿ ಮುಂದೆ ಹರಡಿಕೊಂಡು, ಗಂಡ ಎರವಲು ತಂದಿದ್ದ ಭಾನುವಾರದ ಉಳಿದ ಭಾಗವನ್ನು ಸಾಲು ಸಾಲಾಗಿ ಮರಳಿಸತೊಡಗಿದಳು.