ಅಸಲಿ ಮೀನುಗಾರನನ್ನು ಬಯಸಿದ ಹದಿನಾಲ್ಕನೇ ಕುಟೀರದ ಅತಿಥಿಗಳಿಗೆ

ಹದಿನಾಲ್ಕನೇ ಕುಟೀರದ ಮಾನ್ಯರೇ,

ತಾವೂ, ತಮ್ಮ ಶ್ರೀಮತಿಯವರೂ, ತಮ್ಮ ಮಗಳೂ ಸುಖವಾಗಿ ಊರು ಸೇರಿ, ಬಿಸಿಲಿಗೆ ಸುಲಿದ ಬೆನ್ನಿನ ಚರ್ಮ ಮತ್ತೆ ಕೂಡಿಕೊಂಡು, ಕಚೇರಿಯ ಕುರ್ಚಿಗೆ ಒರಗುವಷ್ಟು ಚೇತರಿಸಿಕೊಂಡಿದ್ದೀರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಪರಿಚಯ ತಮಗಿಲ್ಲ. ತಮ್ಮ ಪರಿಚಯ ನನಗೆ ಬೇಕಾದಷ್ಟಿದೆ. ಎರಡನೆಯ ಸಲ ತಾವು ಈ ರೆಸಾರ್ಟಿಗೆ ದಯಮಾಡಿಸಿದಾಗ ತಾವು ಮಲಗಿ ಎದ್ದ ಹಾಸುಗಳನ್ನು ದಿನವೂ ಒಗೆದವಳು ನಾನು. ತಾವು ಹಾಸಿಗೆಯಲ್ಲೇ ಕೂತು ಮಾವಿನಹಣ್ಣು ತಿನ್ನುತ್ತೀರೆಂಬುದು ತಮ್ಮ ಶ್ರೀಮತಿಯವರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ನಮ್ಮ ದ್ವೀಪದಲ್ಲಿ ನನ್ನನ್ನು ಅರ್ಜಿ ಅಕ್ಕ ಎನ್ನುತ್ತಾರೆ, ಏಕೆಂದರೆ ಓಣಿಯ ಯಾರು ಯಾವ ಕಚೇರಿಗೆ ಏನು ಬರೆಯಬೇಕಾದರೂ ಕಾಗದ ಹಿಡಿದು ನನ್ನ ಹತ್ತಿರವೇ ಬರುತ್ತಾರೆ. ಊರವರ ಪರವಾಗಿ "ಮಾನ್ಯರೇ" ಎಂದು ಬರೆದು ಬರೆದು ಬೆರಳು ಸವೆದ ಮೇಲೆ, ಸ್ವಂತಕ್ಕೂ ಒಮ್ಮೆ ಬರೆದುಕೊಳ್ಳೋಣವೆನ್ನಿಸಿತು.

ಮೊದಲ ಸಲ ಬಂದು ಹೊರಡುವಾಗ ತಾವು ಅಭಿಪ್ರಾಯದ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿದ್ದಿರಿ. ಸ್ವಾಗತದ ಮೇಜಿನಲ್ಲಿ ಕೂರುವ ನನ್ನ ತಂಗಿಯ ಮಗಳು ಅದನ್ನು ನಕಲು ಮಾಡಿ ತಂದು ಕೊಟ್ಟಳು. ಸಮುದ್ರ ಬಲು ಸುಂದರ, ಆದರೆ ಪಕ್ಕದ ದಂಡೆಯಿಂದ ಒಣಮೀನಿನ ವಾಸನೆ ಬರುತ್ತದೆ; ಬೆಳಿಗ್ಗೆ ದೋಣಿಗಳ ಸದ್ದಿಗೆ ನಿದ್ದೆ ಕೆಡುತ್ತದೆ; ಇಷ್ಟಾಗಿಯೂ ಇಲ್ಲಿನ ಮೀನುಗಾರರ ಅಸಲಿ ಬದುಕನ್ನು ಹತ್ತಿರದಿಂದ ನೋಡುವ ಅವಕಾಶ ಸಿಗಲಿಲ್ಲವೆಂಬುದೊಂದೇ ಕೊರಗು. ಮೂಗಿಗೆ ಬೇಡವಾದದ್ದನ್ನೇ ಕಣ್ಣಿಗೆ ಬಡಿಸಿರೆಂದು ಕೇಳಬಲ್ಲ ತಮ್ಮ ಮನಸ್ಸಿನ ವಿಸ್ತಾರಕ್ಕೆ ನಾನು ಆ ಕ್ಷಣವೇ ತಲೆಬಾಗಿದೆ. ಆ ಒಣಮೀನಿನ ಒಡತಿ ನಾನೇ. ಆ ದೋಣಿಗಳಲ್ಲೊಂದು ನನ್ನ ಯಜಮಾನರದು.

ತಮ್ಮ ನಾಲ್ಕು ಸಾಲಿಗಿರುವ ಶಕ್ತಿ ನನ್ನ ನಾನ್ನೂರು ಅರ್ಜಿಗಳಿಗಿರಲಿಲ್ಲವೆಂದು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತೇನೆ. ಹದಿನೈದು ದಿನ ಕಳೆಯುವುದರೊಳಗೆ ಮ್ಯಾನೇಜರ್ ಸಾಹೇಬರು ನಕ್ಷೆ ಹಿಡಿದು ನಮ್ಮ ಓಣಿಗೆ ಬಂದರು. ಇನ್ನು ಮುಂದೆ ದೋಣಿ ಇಳಿಸುವ ಜಾಗ ದ್ವೀಪದ ಹಿಂಬದಿಯ ಬಂಡೆಗಳ ಕಡೆಗೆ ಹೋಗಲಿದೆಯೆಂದೂ, ಇದರಿಂದ ಎಲ್ಲರ ಏಳಿಗೆಯಾಗುವುದೆಂದೂ, ಮೇಲಿನವರ ಸಹಿ ಈಗಾಗಲೇ ಬಿದ್ದಿದೆಯೆಂದೂ ನಗುನಗುತ್ತ ತಿಳಿಸಿದರು. ನಾನು ಮೀನು ಒಣಗಿಸುವ ಬಿದಿರಿನ ಅಟ್ಟಣೆಗಳನ್ನು ಅವರ ಜನರೇ ಕಿತ್ತು, ಪಾಪ, ಬಹಳ ಅಚ್ಚುಕಟ್ಟಾಗಿ ನಮ್ಮ ಬಾಗಿಲಿಗೆ ಒರಗಿಸಿ ಹೋದರು. ಬಂಡೆಗಳ ಕಡೆ ದೋಣಿ ಇಳಿಸುವುದೆಂದರೆ ಒರಳಲ್ಲಿ ಮೊಟ್ಟೆ ಬಚ್ಚಿಟ್ಟ ಹಾಗೆ. ನಮ್ಮ ಮಾವ ತಮ್ಮ ಕೈಯಾರೆ ಕಟ್ಟಿ ಮಗನಿಗೆ ಬಿಟ್ಟುಹೋದ ನಮ್ಮ ದೋಣಿ ಒಂದೇ ತಿಂಗಳಿಗೆ ತಳ ಒಡೆದುಕೊಂಡು ಕೂತಿತು. ದೋಣಿಯಿಲ್ಲದ ಮೇಲೆ ಮೀನಿಲ್ಲ, ಮೀನಿಲ್ಲದ ಮೇಲೆ ಒಣಗಿಸಲು ಏನಿದೆ? ನಾನು ರೆಸಾರ್ಟಿನ ಬಟ್ಟೆ ಒಗೆಯುವ ಕೋಣೆಗೆ ಸೇರಿದೆ.

ತಮ್ಮ ಕೊರಗನ್ನೂ ಸಾಹೇಬರು ಮರೆಯಲಿಲ್ಲ. ಅಸಲಿ ಮೀನುಗಾರನೊಬ್ಬ ಬೇಕೆಂದು ಓಣಿಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ, ಗಡ್ಡ ಹದವಾಗಿ ಬೆಳ್ಳಗಾಗಿದೆಯೆಂಬ ಕಾರಣಕ್ಕೆ ನನ್ನ ಯಜಮಾನರನ್ನು ಆರಿಸಿದರು. ಜನ್ಮದಲ್ಲಿ ಹಾಕದ ಹುಲ್ಲಿನ ಟೋಪಿಯೊಂದನ್ನು ಅವರ ತಲೆಗಿಟ್ಟರು. ದಿನವೂ ಸಂಜೆ ಐದಕ್ಕೆ, ಅತಿಥಿಗಳು ಪಾನೀಯ ಹೀರುತ್ತ ಕೂತಿರುವಾಗ, ಮೊಣಕಾಲುದ್ದದ ನೀರಿನಲ್ಲಿ ನಿಂತು ಬಲೆ ಬೀಸುವುದು, ಖಾಲಿ ಬಲೆ ಎಳೆಯುವುದು, ಮತ್ತೆ ಬೀಸುವುದು, ಬಿಸಿಲು ಬೆನ್ನಿಗಿರುವಂತೆ ನೋಡಿಕೊಳ್ಳುವುದು. ಇದಿಷ್ಟು ಕೆಲಸ. ಮೀನೇ ಬಾರದ ಕಡೆ ಬಲೆ ಬೀಸುವುದಕ್ಕೆ ಸಂಬಳವೆಂದು ಕೇಳಿ ನಮ್ಮತ್ತೆ ಕೂತಲ್ಲೇ ಕೂತರು. "ಹಂಗಾದ್ರೆ ಒಂದ್ ಮಾತು ಕೇಳ್ಕೊಂಡು ಬಾ," ಎಂದು ಮಗನಿಗೆ ಹೇಳಿದರು, "ನಾನೂ ಒಲೆ ಹಚ್ಚದೆ ಸೌಟು ತಿರುವ್ತೀನಿ, ನನಗೂ ಕೊಡ್ತಾರಾ ಅಂತ."

ನೀರಿನ ವಿಷಯ ಬರೆಯಬಾರದೆಂದಿದ್ದೆ, ಆದರೆ ಕೃತಜ್ಞತೆ ಬಿಡುವುದಿಲ್ಲ. ರೆಸಾರ್ಟಿನವರು ಎರಡನೇ ಈಜುಕೊಳ ತುಂಬಿಸಲು ಆಳದ ಕೊಳವೆಬಾವಿ ಕೊರೆದ ಮೇಲೆ ನಮ್ಮ ಓಣಿಯ ಬಾವಿಗೆ ಸಮುದ್ರವೇ ನೆಂಟಸ್ತನಕ್ಕೆ ಬಂದಿದೆ. ಮೊದಲ ದಿನ ನಮ್ಮತ್ತೆ ಚಹಾ ಬಾಯಿಗಿಟ್ಟು, ಸಕ್ಕರೆಯೆಂದು ಉಪ್ಪು ಹಾಕಿದೆಯಾ ಎಂದು ನನ್ನನ್ನು ಬೈದರು. ಎರಡನೇ ದಿನ ತಾವೇ ಚಹಾ ಮಾಡಿ ಕುಡಿದು ಸುಮ್ಮನಾದರು. ತಮ್ಮ ಟವೆಲುಗಳನ್ನು ಮಾತ್ರ ಮೂರು ಸಲ ಸಿಹಿನೀರಿನಲ್ಲಿ ಜಾಲಿಸಿ, ಹಂಸದ ಆಕಾರದಲ್ಲಿ ಮಡಚಿ ಮಂಚದ ಮೇಲೆ ಕೂರಿಸುತ್ತಿದ್ದೆ. ಕೊಕ್ಕಿಗೆ ಇನ್ನೊಂದು ಗಂಟು ಹಾಕಿದರೆ ಕೊಕ್ಕರೆಯೂ ಆಗುತ್ತದೆ, ತಾವು ಕೇಳಲಿಲ್ಲ.

ಇನ್ನು ಆ ಸಂಜೆಗೆ ಬರುತ್ತೇನೆ. ತಾವು ಎರಡನೆಯ ಸಲ ಬಂದ ನಾಲ್ಕನೇ ದಿನ ಅದು. ಮಧ್ಯಾಹ್ನದಿಂದಲೇ ಗಾಳಿ ದಿಕ್ಕು ಬದಲಿಸಿತ್ತು, ನೀರಿನ ಬಣ್ಣ ದಂಡೆಯ ಹತ್ತಿರವೇ ಕಪ್ಪಾಗಿತ್ತು. ಎಲ್ಲಿಂದಲೋ ದಾರಿ ತಪ್ಪಿದ ಮೀನಿನ ಹಿಂಡೊಂದು, ರೆಸಾರ್ಟಿನ ನಿಯಮಾವಳಿ ಓದಿಕೊಳ್ಳದೆ, ಮೊಣಕಾಲುದ್ದದ ನೀರಿಗೇ ನುಗ್ಗಿ ಬಂತು. ಯಜಮಾನರು ಎಂದಿನಂತೆ ಬೆನ್ನಿಗೆ ಬಿಸಿಲು ಹಿಡಿದು ಬಲೆ ಬೀಸಿದರು. ಎಳೆಯಹೋದರೆ ಬಲೆ ಬರಲಿಲ್ಲ. ಒಂದು ಗಳಿಗೆ ಅದು ಕಲ್ಲಿಗೆ ಸಿಕ್ಕಿರಬೇಕೆಂದುಕೊಂಡರಂತೆ. ಆಮೇಲೆ ಕಲ್ಲು ಒದ್ದಾಡಿತು.

ಬಟ್ಟೆ ಒಗೆಯುವ ಕೋಣೆಯಲ್ಲಿ ನನಗೆ ಅವರ ಕೂಗು ಕೇಳಿಸಿತು. "ಬಾರೇ, ಭಾರ ಇದೆ!" ವರ್ಷದ ಮೇಲಾಗಿತ್ತು ಆ ದನಿ ಕೇಳಿ. ಒದ್ದೆ ಹಾಸನ್ನು ಬಿಟ್ಟಲ್ಲೇ ಬಿಟ್ಟು ಓಡಿದೆ. ಸಿಬ್ಬಂದಿ ಅತಿಥಿಗಳ ಎದುರು ಓಡಬಾರದು, ಓಡಿದೆ. ಇಬ್ಬರೂ ಸೇರಿ ಬಲೆಯನ್ನು ಮರಳಿಗೆ ಎಳೆದು ಹಾಕಿದಾಗ ಟೋಪಿ ಎಲ್ಲೋ ಬಿದ್ದುಹೋಗಿತ್ತು, ಅವರ ಮುಖ ನಮ್ಮ ಮದುವೆಯ ಹೊಸದರಲ್ಲಿ ಇದ್ದ ಹಾಗಿತ್ತು. ಸುತ್ತಲೂ ಮೀನು ಎಗರುತ್ತಿದ್ದವು. ಹೊಳೆಯುವ, ಮೊಳದುದ್ದದ ಮೀನು.

ಆಗ ತಾವು ಎದ್ದು ಬಂದಿರಿ. ಜೀವವಿದ್ದ ಮೀನು ಜೀವ ಬಿಡುವುದನ್ನು ಕಂಡು ತಮ್ಮ ಮಗಳು ಅತ್ತಳು. ಮಕ್ಕಳು ಅಳುವುದು ಸಹಜ, ಅವಳ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ತಾವು ಮ್ಯಾನೇಜರ್ ಸಾಹೇಬರನ್ನು ಕರೆಸಿ, ಇದೆಂಥ ಕ್ರೌರ್ಯ, ರಜೆಗೆಂದು ಬಂದವರಿಗೆ ತೋರಿಸುವ ನೋಟವೇ ಇದು ಎಂದು ಕೇಳಿದಿರಿ. ಸಾಹೇಬರು ಯಜಮಾನರ ಹತ್ತಿರ ಬಗ್ಗಿ, ತುಟಿ ಅಲುಗದಂತೆ, "ಎಲ್ಲಾ ವಾಪಸ್ ಬಿಡು, ಬೇಗ," ಎಂದರು.

ಯಜಮಾನರು ಬಲೆಯ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಮಾತು ಕಡಿಮೆಯ ಮನುಷ್ಯ.

"ಹಿಡಿಯೋದು ನಮ್ಮಪ್ಪ ಕಲಿಸಿದ್ದಾರೆ ಸರ್. ಬಿಡೋದು ಕಲಿಸಿಲ್ಲ."

ಹಾಗೆಂದವರೇ ಬಲೆಯ ಬಾಯಿಗೆ ಗಂಟು ಹಾಕಿ ಹೆಗಲಿಗೆ ಹೊತ್ತರು. ಹಿಂದಿನ ದಾರಿ ಸುತ್ತು ಎಂದು ನೇರವಾಗಿ ಸ್ವಾಗತ ಮಂಟಪದ ಅಮೃತಶಿಲೆಯ ಮೇಲೇ, ನೀರು ತೊಟ್ಟಿಕ್ಕಿಸುತ್ತ ನಡೆದರು. ಗೇಟಿನ ಕಾವಲಿಗಿದ್ದವನು ನನ್ನ ಅಣ್ಣನ ಮಗ. ಅತಿಥಿಗಳಿಗೆ ಮಾತ್ರ ಹೊಡೆಯಬೇಕಾದ ಸಲಾಮನ್ನು ತನ್ನ ಮಾವನಿಗೆ ಹೊಡೆದು ಬಾಗಿಲು ತೆಗೆದ. ಆ ಸಂಜೆ ಓಣಿಯ ಹನ್ನೆರಡು ಮನೆಗಳಲ್ಲಿ ಒಲೆ ಉರಿಯಿತು. ತಾವು ಅದೇ ಹೊತ್ತಿಗೆ, ಮನಸ್ಸಿನ ನೋವನ್ನು ಹೇಗೋ ನುಂಗಿಕೊಂಡು, ಬೇರೆ ದೇಶದಿಂದ ಮಂಜುಗಡ್ಡೆಯಲ್ಲಿ ಬಂದ ಮೀನನ್ನು ನಿಂಬೆಹುಳಿಯೊಂದಿಗೆ ಸೇವಿಸಿದಿರೆಂದು ಬಡಿಸಿದವರು ಹೇಳಿದರು. ಆ ಮೀನು ಸಾಯುವುದನ್ನು ತಾವು ನೋಡಿರಲಿಲ್ಲ. ಆದ್ದರಿಂದ ಅದು ಸತ್ತಿರಲಿಕ್ಕಿಲ್ಲ.

ಮರುದಿನ ಯಜಮಾನರ ಕೆಲಸ ಹೋಯಿತು. ನನ್ನದು ಉಳಿಯಬೇಕಾದರೆ ತಮ್ಮಲ್ಲಿ ಕ್ಷಮೆ ಕೇಳಿ ಪತ್ರ ಬರೆಯಬೇಕೆಂದರು. ಹೂವಿನ ಬುಟ್ಟಿಯ ಜೊತೆ ತಮ್ಮ ಕುಟೀರಕ್ಕೆ ಬಂದ ಆ ಪತ್ರ ತಮಗೆ ನೆನಪಿರಬಹುದು. ಅದರ ಅಕ್ಷರಕ್ಕೂ ಇದರ ಅಕ್ಷರಕ್ಕೂ ಹೋಲಿಕೆ ಕಂಡರೆ ಆಶ್ಚರ್ಯಪಡಬೇಡಿ. ನನ್ನ ಜೀವಮಾನದಲ್ಲೇ ಅಷ್ಟು ಚೆಂದದ ಭಾಷೆಯಲ್ಲಿ ನಾನು ಏನನ್ನೂ ಬರೆದಿರಲಿಲ್ಲ. ಕಳಿಸುವ ಮೊದಲು ಯಜಮಾನರ ಮುಂದೆ ಹಿಡಿದೆ. ಅವರು ಓದಲಿಲ್ಲ. "ನೀನು ಬರ್ದಿದ್ದೀಯ ಅಂದ್ಮೇಲೆ ಚೆನ್ನಾಗೇ ಇರುತ್ತೆ," ಎಂದು ಎದ್ದು ಹೋದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ಪೆಟ್ಟು ಅದೊಂದೇ.

ಈಗ ಅವರು ಭಾವನವರ ದೋಣಿಯಲ್ಲಿ ಬಂಡೆಗಳ ಕಡೆಯಿಂದ ಕಡಲಿಗೆ ಹೋಗುತ್ತಾರೆ. ಸಿಕ್ಕಿದ ದಿನ ಮೀನು ತರುತ್ತಾರೆ, ಸಿಗದ ದಿನ ತರಚಿದ ಕೈ. ನಾನು ಹಾಸು ಒಗೆಯುತ್ತಿದ್ದೇನೆ. ಒಗೆಯುತ್ತಲೇ ಆ ಕ್ಷಮಾಪಣೆಯ ಒಂದೊಂದು ಸಾಲನ್ನೂ ಮನಸ್ಸಿನಲ್ಲಿ ಹಿಂದಕ್ಕೆ ಪಡೆದು, ಕೊನೆಗೆ ಈ ಕಾಗದ ಬರೆದು, ಇದರ ಪ್ರತಿಯನ್ನು ಅಭಿಪ್ರಾಯದ ಪುಸ್ತಕಕ್ಕೂ ಅಂಟಿಸಿದ್ದೇನೆ. ಕೆಲಸದ ಗತಿ ಏನಾಗುವುದೋ ನೋಡೋಣ.

ತಾವು ಮೂರನೆಯ ಸಲವೂ ದಯಮಾಡಿಸುವಿರೆಂದು ತಿಳಿದು, ಕೆಲವು ವಿನಂತಿಗಳು. ಸೂರ್ಯನು ತಾವು ಎದ್ದು ಹಲ್ಲುಜ್ಜಿದ ಮೇಲೆ ಹುಟ್ಟುವಂತೆಯೂ, ಸಮುದ್ರವು ಉಪ್ಪಿನ ವಾಸನೆಯನ್ನು ಬಿಟ್ಟು ಮಲ್ಲಿಗೆಯ ವಾಸನೆಯನ್ನು ರೂಢಿಸಿಕೊಳ್ಳುವಂತೆಯೂ, ಮೀನುಗಳು ಮೊದಲೇ ಮುಳ್ಳು ತೆಗೆಸಿಕೊಂಡು ನಗುನಗುತ್ತ ತಟ್ಟೆಗೆ ಬರುವಂತೆಯೂ ತಾವು ದಯವಿಟ್ಟು ಪುಸ್ತಕದಲ್ಲಿ ಸೂಚಿಸಬೇಕು. ತಾವು ನಾಲ್ಕು ಸಾಲು ಬರೆದರೆ ಒಂದು ಓಣಿಯ ಜೀವನವೇ ಜಾಗ ಬದಲಿಸುತ್ತದೆ. ಐದನೆಯ ಸಾಲು ಬರೆದರೆ ಆ ಬಂಡೆಗಳೂ ಒಂದಿಷ್ಟು ಸರಿದಾವು.

ಇಂತಿ, ತಮ್ಮ ಹಾಸಿನ ಕಲೆಗಳನ್ನು ಬಲ್ಲ,
ತಮ್ಮ ವಿಶ್ವಾಸಿ,
ಅರ್ಜಿ ಅಕ್ಕ

ಮರೆತ ಮಾತು: ತೆರವಾದ ಅಸಲಿ ಮೀನುಗಾರನ ಜಾಗಕ್ಕೆ ನಿನ್ನೆ ಗೇಟಿನ ಹತ್ತಿರ ಪ್ರಕಟಣೆ ಅಂಟಿಸಿದ್ದಾರೆ. ನೋಡಲು ಲಕ್ಷಣವಾಗಿರಬೇಕು, ನಗುಮುಖವಿರಬೇಕು, ಈ ಹಿಂದೆ ಎಂದೂ ಮೀನು ಹಿಡಿದಿರಬಾರದು. ಓದುತ್ತಲೇ ತಮ್ಮ ನೆನಪಾಯಿತು. ಅರ್ಜಿ ನಾನೇ ಬರೆದುಕೊಡುತ್ತೇನೆ.