ಆಟಗಾರರ ಆಯ್ಕೆಯಲ್ಲಿ ‘ಬೇಡ ಬೇಡ, ನೀವೇ ತಗೊಳ್ಳಿ’ ಎನ್ನುವುದರ ನಿಯಂತ್ರಣ ಕುರಿತು

ಮೂರು ನಗರಗಳ ಕನ್ನಡ ಕೂಟಗಳ ಜಂಟಿ ಕ್ರೀಡಾ ಉಪಸಮಿತಿ
(ಪರ್ತ್ – ಬ್ರಿಸ್ಬೇನ್ – ಅಡಿಲೇಡ್)

ಸಂಖ್ಯೆ: ಜಂಕ್ರೀಉ/ಬ್ಯಾಬಾ/ಸಂಕೋಚ/03/2018
ದಿನಾಂಕ: 06-08-2018

ಸುತ್ತೋಲೆ

ವಿಷಯ: ವಾರ್ಷಿಕ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಹೊರ ಆಟಗಾರರನ್ನು ಆರಿಸುವಾಗ ತಂಡಗಳು ಪರಸ್ಪರ ತೋರುವ ಉಪಚಾರಕ್ಕೆ ಮಿತಿ ವಿಧಿಸುವ ಬಗ್ಗೆ.

ಉಲ್ಲೇಖ:
1) ದಿನಾಂಕ 30-09-2017ರ ಆಯ್ಕೆ ಸಭೆಯ ನಡವಳಿ.
2) ಶ್ರೀ ಬಸವಂತಪ್ಪನವರ ಎಡ ಮಂಡಿಯ ಎಕ್ಸ್-ರೇ.
3) ಶ್ರೀಮತಿ ಪರ್ಪೆಚುವಾ ಅವರ ಧ್ವನಿ ಸಂದೇಶ (6 ನಿಮಿಷ 40 ಸೆಕೆಂಡು).

ಪ್ರಸ್ತಾವನೆ:

ಪ್ರತಿ ತಂಡವೂ ಸರದಿಯ ಮೇಲೆ ಒಬ್ಬೊಬ್ಬ ಹೊರ ಆಟಗಾರನನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ ಎಂಬ ಪದ್ಧತಿಯನ್ನು ಅಮೆರಿಕದ ದೊಡ್ಡ ಲೀಗನ್ನು ನೋಡಿ 2016ರಲ್ಲಿ ಜಾರಿಗೆ ತರಲಾಯಿತು. ಅಮೆರಿಕದವರು ಈ ಪದ್ಧತಿಯನ್ನು ರೂಪಿಸುವಾಗ ನಮ್ಮವರ ಸಂಕೋಚವನ್ನು ಗಮನದಲ್ಲಿ ಇಟ್ಟುಕೊಂಡಿರಲಿಲ್ಲ ಎಂಬುದು ಕಳೆದ ವರ್ಷ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಡೆದ ಸಭೆಯಲ್ಲಿ ಉಪಸಮಿತಿಯ ಅರಿವಿಗೆ ಬಂದಿದೆ.

ಸದರಿ ಸಭೆಯ ಪಟ್ಟಿಯಲ್ಲಿ ನಾಲ್ವರಿದ್ದರು. ಮೊದಲನೆಯವರು ಹದಿನೇಳು ವರ್ಷದ ದೋವಿದಾಸ್, ಲಿಥುವೇನಿಯಾ ದೇಶದವನು, ಎತ್ತರ ಆರಡಿ ಐದಂಗುಲ, ಪರ್ತ್‌ನ ಸದರ್ನ್ ರಿವರ್‌ನಲ್ಲಿ ಕೂಟದ ಸದಸ್ಯರಾದ ಮಾರ್ಕ್–ಪರ್ಪೆಚುವಾ ದಂಪತಿಯ ಪಕ್ಕದ ಮನೆಯ ಹುಡುಗ. ಎರಡನೆಯವರು ದಾವಣಗೆರೆಯ ಬಸವಂತಪ್ಪನವರು, ವಯಸ್ಸು ಅರವತ್ತೆರಡು, ಮಗಳ ಬಾಣಂತನಕ್ಕೆಂದು ಪತ್ನೀಸಮೇತ ಬಂದವರು. ಅಳಿಯ ಪ್ರಶಾಂತ ಅವರು ಊಟದ ಪಟ್ಟಿ ಎಂದು ತಿಳಿದು ಮಾವನವರ ಹೆಸರನ್ನು ಬರೆದದ್ದಾಗಿ ತರುವಾಯ ಒಪ್ಪಿಕೊಂಡಿದ್ದಾರೆ. ಮೂರನೆಯವರು ಟ್ರೆವರ್ ಎಂಬ ಆಸ್ಟ್ರೇಲಿಯಾದವರು, ಮಂಡಿಗೆ ಪಟ್ಟಿ ಕಟ್ಟಿಕೊಂಡವರು. ನಾಲ್ಕನೆಯವರು ಒಬ್ಬ ಫಿಸಿಯೋಥೆರಪಿಸ್ಟ್. ತಮಗೆ ಆಟ ಬಾರದೆಂದು ಅರ್ಜಿಯಲ್ಲೇ ನಮೂದಿಸಿದವರು.

ಮೊದಲ ಸರದಿ ಬ್ರಿಸ್ಬೇನ್‌ನದು. ಅದರ ವ್ಯವಸ್ಥಾಪಕರು ವಸಂತಕುಮಾರ್ (ಇನ್ನು ಮುಂದೆ ‘ಸಹಿದಾರರು’). ಅಂದು ಬೆಳಿಗ್ಗೆ ಎಂಟಕ್ಕೆ, ಇನ್ನೂ ಯಾರೂ ಬಂದಿರದ ಅಂಗಣದಲ್ಲಿ ಸದರಿ ಹುಡುಗ ಒಬ್ಬನೇ ನಿಂತು ಸಾಲಾಗಿ ಹನ್ನೊಂದು ಸಲ ಚೆಂಡನ್ನು ರಿಂಗ್‌ನೊಳಗೆ ಹಾಕಿದ್ದನ್ನು ಸಹಿದಾರರು ಬಾಗಿಲ ಬಳಿಯಿಂದ ಕಣ್ಣಾರೆ ಕಂಡಿದ್ದರು. ‘ಮೊದಲ ಆಯ್ಕೆ: ದೋವಿದಾಸ್’ ಎಂದು ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆದರೆ ಹೆಸರು ಹೇಳಲು ಎದ್ದು ನಿಂತಾಗ, ಇಷ್ಟು ಒಳ್ಳೆಯದನ್ನು ಮೊದಲಿಗೆ ತಾವೇ ಬಾಚಿಕೊಂಡರೆ ಉಳಿದವರು ಏನೆಂದುಕೊಂಡಾರು ಎಂಬ ಅಳುಕು ಅವರನ್ನು ಹಿಡಿದುಕೊಂಡಿತು. ಬಾಯಿಂದ ಬಂದ ಮಾತು ನಡವಳಿಯಲ್ಲಿ ಹೀಗೆ ದಾಖಲಾಗಿದೆ: “ದೋವಿದಾಸ್… ಬೇಡ ಬೇಡ, ಜೆರ್ರಿ, ನಿಮ್ಮೂರ್ ಹುಡುಗ, ನೀವೇ ತಗೊಂಡ್ಬಿಡಿ.”

ಪರ್ತ್‌ನ ವ್ಯವಸ್ಥಾಪಕ ಜೆರ್ರಿ ಅವರ ಉತ್ತರ: “ಛೆ ಛೆ, ಬೇಡ ಮಾರಾಯ್ರೆ, ನಮ್ಮವ ಅಂತ ನಾವೇ ಇಟ್ಕೊಂಡ್ರೆ ಚಂದ ಕಾಣ್ತದಾ? ಶ್ರೀಲಕ್ಷ್ಮಿ ಆಂಟಿ ಇಷ್ಟೆಲ್ಲ ವ್ಯವಸ್ಥೆ ಮಾಡಿದ್ದಾರೆ, ಅಡಿಲೇಡ್‌ಗೇ ಹೋಗ್ಲಿ.”

ಅಡಿಲೇಡಿನ ವ್ಯವಸ್ಥಾಪಕಿ ಶ್ರೀಲಕ್ಷ್ಮಿ ಅವರ ಉತ್ತರ: “ಅಯ್ಯೋ, ಬೇಡಪ್ಪ! ಬಂದೋರಿಗೆ ಬಡಿಸ್ದೆ ಮನೆಯೋರು ತಿಂತಾರಾ? ವಸಂತ್, ನಿಮ್ದೇ ಮೊದ್ಲು.”

ಇದೇ ಕ್ರಮದಲ್ಲಿ ಮಾತು ನಲವತ್ತೇಳು ನಿಮಿಷ ಸುತ್ತಿತು. ಹುಡುಗನ ಹೆಸರಿನ ಹಿಂದೆಯೇ ‘ಬೇಡ’ ಎಂಬ ಪದವು ಮೂವತ್ತೊಂದು ಬಾರಿ, ಅಂಗೈ ಅಲ್ಲಾಡಿಸುವುದರೊಂದಿಗೆ, ಬಳಕೆಯಾಗಿದೆ. ಹುಡುಗನು ಚೆಂಡನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಒರಗಿ ನಿಂತಿದ್ದನು. ಅವನಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ಒಂದೇ ಒಂದು ಪದ. ಪರ್ಪೆಚುವಾ ಅವರ ಊಟದ ಮೇಜಿನಲ್ಲಿ ಅವನು ಕಲಿತಿದ್ದ ಆ ಪದ ‘ಬೇಡ’. ಅರ್ಥ ಬಿಡಿಸಿ ಹೇಳಬಹುದಾಗಿದ್ದ ಪರ್ಪೆಚುವಾ ಅವರು ಆ ಹೊತ್ತಿನಲ್ಲಿ ಅಡುಗೆಕೋಣೆಯಲ್ಲಿ ಕೋರಿ ರೊಟ್ಟಿಯ ಕೋಳಿ ಸಾರು ಬಿಸಿ ಮಾಡುತ್ತಿದ್ದರು.

ಅಂಗಣದ ಮೇಲ್ವಿಚಾರಕರು ಗಡಿಯಾರ ತೋರಿಸಿದ ಮೇಲೆ ತಂಡಗಳು ಗಡಿಬಿಡಿಯಲ್ಲಿ ಆಯ್ಕೆ ಮುಗಿಸಿದವು. ಹಿರಿಯರನ್ನು ಬಿಟ್ಟರೆ ಬೇಸರವಾದೀತೆಂದು ಬ್ರಿಸ್ಬೇನ್ ಬಸವಂತಪ್ಪನವರನ್ನು ಆರಿಸಿತು. ಹುಡುಗ ಪರ್ತ್‌ಗೆ ಇರಲಿ ಎಂದು. ಪಾಪ, ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಾರೆ ಎಂದು ಪರ್ತ್ ಟ್ರೆವರ್ ಅವರನ್ನು ಆರಿಸಿತು. ಹುಡುಗ ಅಡಿಲೇಡ್‌ಗೆ ಇರಲಿ ಎಂದು. ಎರಡೂ ತಂಡಗಳ ಮಂಡಿಗಳನ್ನು ನೋಡಿ ಅಡಿಲೇಡ್ ಫಿಸಿಯೋಥೆರಪಿಸ್ಟರನ್ನು ಆರಿಸಿತು. ಹುಡುಗನನ್ನು ಬಂದವರಲ್ಲಿ ಯಾರಾದರೂ ಇಟ್ಟುಕೊಂಡಿರುತ್ತಾರೆ ಎಂದು. ಆಟ ಆರಂಭವಾದ ನಾಲ್ಕನೆಯ ನಿಮಿಷದಲ್ಲಿ ಬಸವಂತಪ್ಪನವರು ಎಡ ಮಂಡಿ ಹಿಡಿದುಕೊಂಡು ಮಂಕಿ ಕ್ಯಾಪ್ ಸಮೇತ ಅಂಗಣದ ನಡುವೆ ಕುಳಿತುಬಿಟ್ಟು, “ಅಲ್ರೀ, ನಾನು ಆಟ ನೋಡಾಕ ಬಂದಾವ, ನನ್ನ ಯಾಕ ಇದರಾಗ ಬಿಟ್ರಿ?” ಎಂದು ಕೇಳಿದಾಗಲೇ ಎಲ್ಲರ ದೃಷ್ಟಿ ಹೊರಗೆ ಹರಿದದ್ದು. ಊಟದ ಪಾತ್ರೆಗಳ ಪಕ್ಕದ ಬೆಂಚಿನ ಮೇಲೆ ದೋವಿದಾಸ್ ಕುಳಿತಿದ್ದನು.

ಮುಂದಿನದು ಎಲ್ಲರಿಗೂ ತಿಳಿದಿದೆ. ಅವನು ಡಿಸೆಂಬರ್‌ನಲ್ಲಿ ರಾಜ್ಯದ ಕಿರಿಯರ ತಂಡಕ್ಕೂ, ಮಾರ್ಚ್‌ನಲ್ಲಿ ಹಿರಿಯರ ತಂಡಕ್ಕೂ ಸೇರಿದನು. ಜೂನ್‌ನಲ್ಲಿ ಒಂದು ವೃತ್ತಿಪರ ಕ್ಲಬ್ಬು ಅವನನ್ನು ಕರೆದುಕೊಂಡಿತು. ಪತ್ರಿಕೆಯಲ್ಲಿ ಅರ್ಧ ಪುಟದ ಚಿತ್ರ ಬಂತು. ಆಸ್ಟ್ರೇಲಿಯಾದಲ್ಲಿ ಮೊದಲು ಎಲ್ಲಿ ಆಡಿದೆ ಎಂಬ ವರದಿಗಾರರ ಪ್ರಶ್ನೆಗೆ ಅವನು ಕೊಟ್ಟ ಉತ್ತರದ ತಾತ್ಪರ್ಯ: “ಒಮ್ಮೆ ಅಡಿಲೇಡ್‌ಗೆ ಹೋಗಿದ್ದೆ. ಯಾರೂ ಆರಿಸಲಿಲ್ಲ. ಊಟ ಚೆನ್ನಾಗಿತ್ತು.”

ಇದನ್ನು ಓದಿದ ಸಹಿದಾರರ ಮಗಳು, ಒಂಬತ್ತು ವರ್ಷದ ಗೌತಮಿ, “ಅಪ್ಪಾ, ವೈ ಡಿಡಂಟ್ ಯೂ ಜಸ್ಟ್ ಪಿಕ್ ಹಿಮ್?” ಎಂದು ಕೇಳಿರುತ್ತಾಳೆ. ಉತ್ತರವು ಪರಿಶೀಲನೆಯಲ್ಲಿದೆ.

ಮೇಲಿನ ಕಾರಣಗಳಿಂದಾಗಿ, ದಿನಾಂಕ 29-09-2018ರ ಆಯ್ಕೆ ಸಭೆಗೆ ಅನ್ವಯಿಸುವಂತೆ ಕೆಳಕಂಡ ನಿಯಮಗಳನ್ನು ಹೊರಡಿಸಿ, ಚಾಚೂ ತಪ್ಪದೆ ಪಾಲಿಸಲು ಎಲ್ಲರಿಗೂ ತಿಳಿಯಪಡಿಸಲಾಗಿದೆ:

1. ಯಾವುದೇ ವ್ಯವಸ್ಥಾಪಕರು ‘ಬೇಡ’ ಎಂದು ಗರಿಷ್ಠ ಎರಡು ಬಾರಿ ಹೇಳಬಹುದು. ಮೊದಲನೆಯದನ್ನು ‘ಮರ್ಯಾದೆಯ ಬೇಡ’ ಎಂದೂ, ಎರಡನೆಯದನ್ನು ‘ಒತ್ತಾಯ ಮಾಡಿಸಿಕೊಳ್ಳುವ ಬೇಡ’ ಎಂದೂ ಪರಿಗಣಿಸತಕ್ಕದ್ದು. ಮೂರನೆಯದನ್ನು ‘ನಿಜವಾದ ಬೇಡ’ ಎಂದು ದಾಖಲಿಸಿ, ಸರದಿಯನ್ನು ಮುಂದಿನ ತಂಡಕ್ಕೆ ವರ್ಗಾಯಿಸಲಾಗುವುದು. ‘ಅಯ್ಯೋ’, ‘ಛೆ ಛೆ’ ಇವುಗಳನ್ನು ತಲಾ ಅರ್ಧ ಬೇಡ ಎಂದು ಎಣಿಸಲಾಗುವುದು.

2. ‘ನೀವೇ ತಗೊಳ್ಳಿ’ ಎಂದು ಕೈ ಚಾಚುವಾಗ ಆಟಗಾರನ ಕಡೆಗೆ ಅಂಗೈ ಅಲ್ಲಾಡಿಸತಕ್ಕದ್ದಲ್ಲ. ಅಂಗೈ ತಂತಾನೇ ಅಲ್ಲಾಡುವ ಅಭ್ಯಾಸವಿರುವವರು ಸಭೆ ಮುಗಿಯುವವರೆಗೆ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡಿರತಕ್ಕದ್ದು.

3. ಹಿರಿಯರಿಗೆ ಗೌರವವನ್ನು ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸಲ್ಲಿಸತಕ್ಕದ್ದು. ತಂಡಕ್ಕೆ ಆರಿಸಿ ಅಲ್ಲ. ಹಿರಿಯರು ಯಾರು ಎಂಬ ಬಗ್ಗೆ ಸಂದೇಹ ಬಂದಲ್ಲಿ, ‘ಅಂಕಲ್’ ಎಂದು ಕರೆದಾಗ ತಿರುಗಿ ನೋಡುವವರನ್ನು ಹಿರಿಯರೆಂದು ತಿಳಿಯತಕ್ಕದ್ದು. (ಈ ಪರೀಕ್ಷೆಯಲ್ಲಿ ಸಹಿದಾರರೂ ತಿರುಗಿ ನೋಡಿರುವುದರಿಂದ ಇದನ್ನು ಇನ್ನೊಮ್ಮೆ ಯೋಚಿಸಬೇಕಾಗಬಹುದು.)

4. ಆಟಗಾರರ ಪಟ್ಟಿ ಬಿಳಿ ಹಾಳೆಯಲ್ಲೂ ಊಟದ ಪಟ್ಟಿ ಹಳದಿ ಹಾಳೆಯಲ್ಲೂ ಇರತಕ್ಕದ್ದು. ‘ಖಾರ ಆಗುತ್ತದೆಯೇ?’ ಎಂಬ ಪ್ರಶ್ನೆ ಹಳದಿ ಹಾಳೆಯಲ್ಲಿ ಮಾತ್ರ ಇರತಕ್ಕದ್ದು.

5. ಆಟಗಾರನೊಬ್ಬನ ಬಗ್ಗೆ ‘ಪಾಪ’ ಎಂಬ ಪದ ಬಳಕೆಯಾದ ಕೂಡಲೇ ಅವನಿಗೆ ಕುರ್ಚಿ ಮತ್ತು ನೀರು ಒದಗಿಸತಕ್ಕದ್ದು. ಅಷ್ಟರಿಂದ ಸಮಾಧಾನವಾಗದವರು ಬಾರ್ಬಿಗೆ (ಬಾರ್ಬೆಕ್ಯೂ ಊಟಕ್ಕೆ) ಮನೆಗೆ ಕರೆಯಬಹುದು. ಆರಿಸುವಂತಿಲ್ಲ.

6. ಆಟಗಾರನನ್ನು ಎತ್ತರ, ವಯಸ್ಸು ಮತ್ತು ಆಟದ ಬಗ್ಗೆ ಮಾತ್ರ ಪ್ರಶ್ನಿಸತಕ್ಕದ್ದು. ಪಿಆರ್ (ಕಾಯಂ ವಾಸದ ಪರವಾನಗಿ) ಬಂತೇ, ಸ್ವಂತ ಮನೆಯೇ ಬಾಡಿಗೆಯೇ, ತಂದೆ ಗಣಿಯಲ್ಲಿ ಎಷ್ಟು ವಾರ ಇದ್ದು ಎಷ್ಟು ವಾರ ಮನೆಗೆ ಬರುತ್ತಾರೆ ಮುಂತಾದ ಪ್ರಶ್ನೆಗಳಿಗೆ ಕಳೆದ ವರ್ಷ ಹನ್ನೊಂದು ನಿಮಿಷ ವ್ಯಯವಾಗಿದೆ. ಹೆಸರಿನ ಕೊನೆಯಲ್ಲಿ ‘ದಾಸ್’ ಇದ್ದ ಮಾತ್ರಕ್ಕೆ “ನಮ್ ಕಡೆಯೋರೇ ಇರ್ಬೇಕು, ವಿಚಾರ್ಸಿ” ಎಂದು ಹಿಂದಿನ ಸಾಲಿನಿಂದ ಸೂಚಿಸಿದ ಶ್ರೀಮತಿ ಸರಸ್ವತಿ ಅವರಿಗೆ ಪ್ರತ್ಯೇಕವಾಗಿ ತಿಳಿಸಲಾಗಿದೆ.

7. ‘ಏನನ್ಕೋತಾರೋ’ ಎಂಬ ಅಳುಕು ಉಂಟಾದಲ್ಲಿ ಸಂಬಂಧಿಸಿದವರು ನಮೂನೆ-3ರಲ್ಲಿ ಎದುರು ತಂಡಕ್ಕೆ ‘ನೀವು ಏನೆಂದುಕೊಳ್ಳುವಿರಿ?’ ಎಂದು ಬರೆದು ಕೇಳತಕ್ಕದ್ದು. ಎದುರು ತಂಡವು ಮೂವತ್ತು ದಿನಗಳೊಳಗೆ ಉತ್ತರಿಸತಕ್ಕದ್ದು. ಪ್ರಾಯೋಗಿಕವಾಗಿ ಸಹಿದಾರರು ಕಳೆದ ವರ್ಷದ ಸಭೆಯ ಬಗ್ಗೆ ಇದೇ ನಮೂನೆಯಲ್ಲಿ ಕೇಳಿದ್ದು, ಎರಡೂ ತಂಡಗಳಿಂದ ‘ಏನೂ ಅಂದುಕೊಳ್ಳುತ್ತಿರಲಿಲ್ಲ’ ಎಂಬ ಉತ್ತರ ಬಂದಿದೆ. ಸಹಿದಾರರು ಇದನ್ನು ಎರಡೆರಡು ಬಾರಿ ಓದಿರುತ್ತಾರೆ.

8. ‘ನಾನು ಅವತ್ತೇ ಹೇಳಿದ್ದೆ, ಈ ಹುಡುಗ ಮೇಲೆ ಬರ್ತಾನೆ ಅಂತ’ ಎಂದು ಮೂರೂ ನಗರಗಳಲ್ಲಿ ಈವರೆಗೆ ಹದಿನಾಲ್ಕು ಮಂದಿ ಹೇಳಿಕೊಂಡಿದ್ದಾರೆ. ಅವತ್ತು ಹೀಗೆ ಯಾರೂ ಹೇಳಿದ್ದು ನಡವಳಿಯಲ್ಲಿ ಕಂಡುಬರುವುದಿಲ್ಲ. ಆದಾಗ್ಯೂ ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಇಲ್ಲದಿರುವುದರಿಂದ, ನಗರಕ್ಕೆ ಒಬ್ಬರಂತೆ, ತಿಂಗಳಿಗೊಮ್ಮೆ ಸರದಿಯ ಮೇಲೆ ಹೇಳಿಕೊಳ್ಳಲು ಅನುಮತಿಸಲಾಗಿದೆ. ಆಗಸ್ಟ್ ತಿಂಗಳ ಸರದಿ: ಪರ್ತ್‌ನಲ್ಲಿ ಮಾರ್ಕ್, ಅಡಿಲೇಡ್‌ನಲ್ಲಿ ಪ್ರಶಾಂತ. ಬ್ರಿಸ್ಬೇನ್‌ನ ಸರದಿ ಸಹಿದಾರರದಾಗಿದ್ದು, ಅವರು ಅದನ್ನು ಬಳಸುವುದಿಲ್ಲ.

9. ಸಹಿದಾರರ ಜೇಬಿನಲ್ಲಿದ್ದ ಚೀಟಿಯನ್ನು ಈ ಸುತ್ತೋಲೆಗೆ ಅನುಬಂಧವಾಗಿ ಲಗತ್ತಿಸುವ ಅಗತ್ಯವಿಲ್ಲವೆಂದು ಮೊದಲು ತೀರ್ಮಾನಿಸಲಾಗಿತ್ತು. ಬಳಿಕ ಲಗತ್ತಿಸಲಾಗಿದೆ.

10. ದೋವಿದಾಸ್‌ಗೆ ಈ ವರ್ಷ ತನ್ನ ಕ್ಲಬ್ಬಿನಿಂದ ಬಿಡುವು ಇರುವುದು ಸೆಪ್ಟೆಂಬರ್ ಕೊನೆಯ ಆ ಒಂದೇ ಶನಿವಾರ. ಬಂದು ಆಡುವೆಯಾ ಎಂದು ಮೊದಲ ಬಾರಿ ಜೆರ್ರಿ ಅವರು ಮುಖತಃ ಕೇಳಲಾಗಿ, ‘ಬೇಡ’ ಎಂದು ಕನ್ನಡದಲ್ಲೇ ಉತ್ತರಿಸಿದನು. ಎರಡನೆಯ ಬಾರಿ ಶ್ರೀಲಕ್ಷ್ಮಿ ಅವರು ಫೋನಿನಲ್ಲಿ ಕೇಳಲಾಗಿ, ಮತ್ತೆ ‘ಬೇಡ’. ನಮ್ಮಿಂದ ಮೂವತ್ತೊಂದು ಬಾರಿ ಕೇಳಿಸಿಕೊಂಡ ಪದವನ್ನು ಅವನು ನಮಗೇ ಹಿಂದಿರುಗಿಸುತ್ತಿದ್ದಾನೆ ಎಂದು ಭಾವಿಸಿ ಸಹಿದಾರರು ಈ ಕಡತವನ್ನು ಮುಕ್ತಾಯಗೊಳಿಸಲು ಸಿದ್ಧರಾಗಿದ್ದರು. ಅಷ್ಟರಲ್ಲಿ ಉಲ್ಲೇಖ (3)ರ ಧ್ವನಿ ಸಂದೇಶ ತಲುಪಿತು. ಅದರ ಸಂಬಂಧಪಟ್ಟ ಭಾಗ:

“ಅಲ್ಲ ವಸಂತ, ನೀವು ಎರಡೇ ಸಲ ಕೇಳಿ ಬಿಟ್ಟದ್ದಾ? ಅವ ನಮ್ಮಲ್ಲಿ ಊಟಕ್ಕೆ ಕೂತಾಗ್ಲೂ ಎರಡು ಸಲ ಬೇಡ ಅಂತಾನೆ ಮಾರಾಯ. ಮೂರನೇ ಸಲ ಬಡಿಸಿದ್ರೆ ತಟ್ಟೆ ಮುಂದೆ ಹಿಡೀತಾನೆ. ನಾನೇ ಕಲಿಸಿದ್ದು, ಕೇಳಿದ ಕೂಡ್ಲೇ ಹೂಂ ಅನ್ಬಾರ್ದು, ಆಸೆಬುರುಕ ಅಂತಾರೆ ಅಂತ. ಅವತ್ತು ನಿಮ್ಮ ಮೀಟಿಂಗ್ ಮುಗಿದು ಊರಿಗೆ ವಾಪಸ್ ಬಂದ ಮೇಲೆ ಏನು ಹೇಳಿದ ಗೊತ್ತುಂಟಾ? ‘ಆಂಟಿ, ಅವ್ರೆಲ್ಲ ಎರಡು ಸಲ ಬೇಡ ಅಂದು ಮೂರನೇ ಸಲ ಹೂಂ ಅಂತಾರೆ ಅಂತ ನಾನು ಕಾಯ್ತಾ ಇದ್ದೆ’ ಅಂದ. ಇಂಗ್ಲಿಷಲ್ಲೇ ಅಂದ, ಆದ್ರೆ ನಂಗೆ ಅನ್ನ ಇಳೀಲಿಲ್ಲ.”

11. ಆದ್ದರಿಂದ ಈ ಸುತ್ತೋಲೆಯನ್ನೇ ದೋವಿದಾಸ್‌ಗೆ ಮೂರನೆಯ ಬಾರಿಯ ಕೇಳಿಕೆ ಎಂದು ಪರಿಗಣಿಸತಕ್ಕದ್ದು. ಮೊದಲ ಸರದಿ ಈ ವರ್ಷವೂ ಬ್ರಿಸ್ಬೇನ್‌ನದಾಗಿದ್ದು, ಸಹಿದಾರರು ಎದ್ದು ನಿಂತು ಒಂದೇ ಹೆಸರನ್ನು ಒಂದೇ ಬಾರಿ ಹೇಳಿ ಕುಳಿತುಕೊಳ್ಳತಕ್ಕದ್ದು. ಅದರ ಹಿಂದೆ ಬೇರೆ ಪದ ಸೇರಿಸುವಂತಿಲ್ಲ. ಹುಡುಗನಿಂದ ಮೂರನೆಯ ಬಾರಿಯೂ ‘ಬೇಡ’ ಬಂದಲ್ಲಿ, ಅಂಶ 1ರ ಪ್ರಕಾರ ಅದು ನಿಜವಾದದ್ದು, ಗೌರವದಿಂದ ದಾಖಲಿಸತಕ್ಕದ್ದು. ಆಗಲೂ ಹಳದಿ ಹಾಳೆಯಿಂದ ಅವನ ಹೆಸರನ್ನು ತೆಗೆಯತಕ್ಕದ್ದಲ್ಲ.

ಸಹಿ/-
(ವಸಂತಕುಮಾರ್)
ಜಂಟಿ ಕಾರ್ಯದರ್ಶಿ ಹಾಗೂ ವ್ಯವಸ್ಥಾಪಕರು, ಬ್ರಿಸ್ಬೇನ್ ತಂಡ
ಫಾರೆಸ್ಟ್ ಲೇಕ್

ಅನುಬಂಧ: ಚೀಟಿ-1 (ಮಡಿಕೆಯ ಗುರುತುಗಳೊಂದಿಗೆ)

ಪ್ರತಿಗಳು:
1. ಜೆರ್ರಿ, ಪರ್ತ್ ಹಾಗೂ ಶ್ರೀಲಕ್ಷ್ಮಿ, ಅಡಿಲೇಡ್: ಮಾಹಿತಿಗಾಗಿ. ‘ಪರವಾಗಿಲ್ಲ ಬಿಡಿ’ ಎಂದು ಉತ್ತರಿಸುವ ಅಗತ್ಯವಿಲ್ಲ.
2. ಶ್ರೀ ಬಸವಂತಪ್ಪನವರು, ದಾವಣಗೆರೆ: ಕ್ಷಮಾಪಣೆಯೊಂದಿಗೆ, ಎಕ್ಸ್-ರೇ ಹಿಂದಿರುಗಿಸಲಾಗಿದೆ.
3. ಅಂಗಣದ ಮೇಲ್ವಿಚಾರಕರು, ಪ್ರಾಸ್ಪೆಕ್ಟ್: ಗಡಿಯಾರವನ್ನು ಬೇಗ ತೋರಿಸುವ ಕೋರಿಕೆಯೊಂದಿಗೆ.
4. ಕುಮಾರಿ ಗೌತಮಿ, ಫಾರೆಸ್ಟ್ ಲೇಕ್: ಬಾಕಿ ಇರುವ ಪ್ರಶ್ನೆಗೆ ಉತ್ತರವಾಗಿ.
5. ದೋವಿದಾಸ್, ಸದರ್ನ್ ರಿವರ್: ಶ್ರೀಮತಿ ಪರ್ಪೆಚುವಾ ಅವರ ಮೂಲಕ. ಊಟದ ಹೊತ್ತಿಗೆ, ಎರಡನೆಯ ‘ಬೇಡ’ದ ನಂತರ, ಕೈಗೆ ಕೊಡತಕ್ಕದ್ದು.