ಎಣಿಕಪ್ಪನ ಛತ್ರಿ ಲೆಕ್ಕ

"ನೋಡಿ ಮೇಡಂ, ಇವನೇ ನನ್ನ ಎಣಿಕಪ್ಪ! ಎಂಟು ಸಾವಿರ ಛತ್ರೀನ ಎಂಟೇ ನಿಮಿಷದಲ್ಲಿ ಎಣಿಸಿ ಬಿಸಾಕ್ತಾನೆ!"

ನಂಜನಗೂಡಿನ ಛತ್ರಿ ಕಾರ್ಖಾನೆಯ ಗೋಡೌನಿನಲ್ಲಿ ಗೋವರ್ಧನಯ್ಯನವರು ಎದೆಯುಬ್ಬಿಸಿ ನಿಂತಿದ್ದರು. ಸಂಬಳಕ್ಕೆ ಗೋಡೌನ್ ಮ್ಯಾನೇಜರು, ಚಟಕ್ಕೆ ಸಂಶೋಧಕರು. ಪಕ್ಕದಲ್ಲಿ ಅವರ ಯಂತ್ರ: ಮೊಮ್ಮಗಳ ಸೈಕಲ್ಲಿನ ಮೂರು ಚಕ್ರ, ಟೇಬಲ್ ಫ್ಯಾನಿನ ಕತ್ತು, ಒಂದೇ ಒಂದು ಗಾಜಿನ ಕಣ್ಣು.

ಮೇಡಂ ಎನಿಸಿಕೊಂಡ ಪ್ರಫುಲ್ಲಾ ಗಡಿಯಾರ ನೋಡಿಕೊಂಡಳು. ಪಾಪ, ಆಡಿಟ್ ಆಫೀಸು ಸೇರಿ ಮೂರೇ ತಿಂಗಳು. ಮಾರ್ಚ್ ಮೂವತ್ತೊಂದರ ದಾಸ್ತಾನು ಎಣಿಸಲು ಮೊದಲ ಸಲ ಒಬ್ಬಳೇ ಬಂದಿದ್ದಳು. "ಸಂಜೆ ಆರರೊಳಗೆ ಲೆಕ್ಕ ನನ್ನ ಮೇಜಿನ ಮೇಲಿರ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬರ್ಲೇಬೇಡ!" ಎಂದು ದೊಡ್ಡ ಆಡಿಟರು ನರಹರಿರಾಯರು ಬೆಳಿಗ್ಗೆಯೇ ಗುಡುಗಿದ್ದರು.

"ಎಣಿಸಿದ್ದಕ್ಕೆ ಕೆಂಪು ಬೊಟ್ಟು ಅಂಟಿಸ್ತಾನೆ. ಬೊಟ್ಟಿರೋದನ್ನ ಮತ್ತೆ ಎಣಿಸಲ್ಲ. ಇವನ ಲೆಕ್ಕಕ್ಕೆ ಸೇರಿದ ಮಾಲು ಬಿಲ್ಲಿಲ್ಲದೆ ಬಾಗಿಲು ದಾಟೋ ಹಾಗೂ ಇಲ್ಲ, ಇವನೇ ಶಟರ್ ಇಳಿಸಿಬಿಡ್ತಾನೆ!" ಎಂದರು ಗೋವರ್ಧನಯ್ಯನವರು.

"ಸರಿ ಸಾರ್, ಬೇಗ ಶುರು ಮಾಡ್ಸಿ."

ಹೊಸ ಯಂತ್ರವನ್ನು ಪೂಜೆ ಮಾಡದೆ ಓಡಿಸುವುದುಂಟೆ! ಪ್ಯಾಕಿಂಗ್ ವಿಭಾಗದ ಪುಟ್ಟಮಾದಮ್ಮ ಕಾಯಿ ಒಡೆದು, ಊದುಬತ್ತಿ ಬೆಳಗಿ, ಎಣಿಕಪ್ಪನಿಗೆ ದೊಡ್ಡದಾಗಿ ಕುಂಕುಮವಿಟ್ಟರು. ಆಮೇಲೆ ಅಲ್ಲಿದ್ದವರ ಹಣೆಗೆಲ್ಲ ಇಡುತ್ತ ಬಂದರು.

"ನನಗೆ ಬೇಡಮ್ಮ, ಡ್ಯೂಟೀಲಿದೀನಿ" ಎಂದಳು ಪ್ರಫುಲ್ಲಾ. ಆಡಿಟರೆಂದರೆ ಸ್ವಲ್ಪ ಮುಖ ಬಿಗಿದುಕೊಂಡಿರಬೇಕು ಎಂದು ಅವಳು ತಿಳಿದಿದ್ದಳು.

ಎಣಿಕಪ್ಪ ಗಡಗಡನೆ ಹೊರಟ. ಸಾಲುಸಾಲಾಗಿ ನಿಲ್ಲಿಸಿದ್ದ ಛತ್ರಿಗಳನ್ನೆಲ್ಲ ಸುತ್ತಿ ಬಂದು, ಥೇಟು ಗೋವರ್ಧನಯ್ಯನವರ ದನಿಯಲ್ಲೇ ಕೂಗಿದ: "ಛತ್ರಿ, ಸೊನ್ನೆ!"

"ಏನೋ ಸೊನ್ನೆ? ಕಣ್ಣೆದುರಿಗೇ ರಾಶಿ ಇದೆಯಲ್ಲೋ!"

ಮತ್ತೆ ಓಡಿಸಿದರು. ಮತ್ತೆ ಸೊನ್ನೆ. ಎಣ್ಣೆ ಬಿಟ್ಟರು, ಬೆನ್ನಿಗೊಂದು ಗುದ್ದಿದರು, ಮುದ್ದು ಮಾಡಿದರು. ಹೀಗೆ ಸಂಜೆ ಐದು ಗಂಟೆಯಾಯಿತು.

"ಸಾರ್, ಸೊನ್ನೆ ಅಂತ ಬರ್ಕೊಂಡು ಹೋದ್ರೆ ನನ್ನ ಕೆಲಸ ಹೋಗುತ್ತೆ!" ಪ್ರಫುಲ್ಲಾಳ ಕಣ್ಣಲ್ಲಿ ನೀರಾಡಿತು.

"ಅಳಬೇಡ ತಾಯಿ, ನಾನಿದೀನಲ್ಲ" ಎಂದರು ಗೋವರ್ಧನಯ್ಯನವರು. ಅವರ ಕಣ್ಣೂ ಒದ್ದೆಯಾಗಿತ್ತು.

ಪುಟ್ಟಮಾದಮ್ಮ ಬಗ್ಗಿ ಎಣಿಕಪ್ಪನ ಮುಖವನ್ನೇ ನೋಡಿದರು. "ಅಯ್ಯೋ ಶಿವನೆ! ಇದಕ್ಕೆ ಹಣೆ ಎಲ್ಲದೆ ಸ್ವಾಮಿ? ನಾನು ಕಣ್ಗೇ ಕುಂಕುಮ ಮಡಗ್ಬುಟ್ಟಿವ್ನಿ!"

ಇನ್ನೇನು! ಅವನು ಯಾವ ಛತ್ರಿ ನೋಡಿದರೂ ಅದರ ಮೇಲೊಂದು ಕೆಂಪು ಬೊಟ್ಟು ಕಂಡಿದೆ. ಎಲ್ಲ ಎಣಿಸಿ ಆಗಿದೆ ಎಂದುಕೊಂಡು ಮುಂದೆ ಹೋಗಿದ್ದಾನೆ.

ಪುಟ್ಟಮಾದಮ್ಮ ಸೆರಗಿನಿಂದ ಅವನ ಕಣ್ಣೊರೆಸಿದ್ದೇ ತಡ, ಎಣಿಕಪ್ಪ ಟಪಟಪನೆ ಬೊಟ್ಟು ಅಂಟಿಸುತ್ತ ಓಡಿದ. "ಎಂಟು ಸಾವಿರದ ಇನ್ನೂರ ಹದಿನಾಲ್ಕು!" ಪ್ರಫುಲ್ಲಾ ನಾಲ್ಕೈದು ಸಾಲು ತಾನೇ ಎಣಿಸಿ ನೋಡಿದಳು. ಸರಿಯಾಗಿತ್ತು. ಸಹಿ ಹಾಕಿಸಿಕೊಂಡು, ಬ್ಯಾಗು ಹೆಗಲಿಗೇರಿಸಿ, ಬಾಗಿಲ ಕಡೆ ದಾಪುಗಾಲು ಹಾಕಿದಳು.

ಎಣಿಕಪ್ಪ ಕತ್ತು ತಿರುಗಿಸಿದ. ಸಣ್ಣಗೆ, ನೆಟ್ಟಗೆ, ಬೊಟ್ಟಿಲ್ಲದೆ ಏನೋ ಹೋಗುತ್ತಿದೆ! ಓಡಿ ಬಂದವನೇ ಅವಳ ಹಣೆಗೆ ಟಪ್ ಎಂದು ಅಂಟಿಸಿದ. "ಎಂಟು ಸಾವಿರದ ಇನ್ನೂರ ಹದಿನೈದು!" ಶಟರ್ ದಡಾರನೆ ಬಿತ್ತು.

"ತೆಗೀರಿ ಸಾರ್!"

"ಹೇಗಮ್ಮ ತೆಗೀಲಿ? ನೀನೀಗ ದಾಸ್ತಾನು! ಬೊಟ್ಟು ಕಿತ್ರೂ ಅವನ ಲೆಕ್ಕದಿಂದ ಹೋಗಲ್ಲ. ಬಿಲ್ ಹಾಕಿದ್ರೇನೇ ಬಾಗಿಲು."

"ಹಾಗಾದ್ರೆ ಹಾಕಿ!"

"ಛತ್ರಿ, ಹೆಂಗಸರದು, ಒಂದು... ಮಡಚೋದು ಅಂತ ಬರೀಲಾ, ಉದ್ದದ್ದು ಅಂತಲಾ?"

"ಸಾರ್! ಗಂಟೆ ಐದೂಮುಕ್ಕಾಲು!"

"ಉದ್ದದ್ದು. ಕೊಂಡವರು, ನರಹರಿರಾಯರ ಆಡಿಟ್ ಆಫೀಸು." ಬಿಲ್ಲು ತೋರಿಸಿದೊಡನೆ ಶಟರ್ ಮೇಲೆದ್ದಿತು. ಎಣಿಕಪ್ಪ ವಿನಯದಿಂದ "ಮತ್ತೆ ಬನ್ನಿ" ಎಂದ.

ಪೇಟೆ ಬೀದಿಯ ಆಫೀಸಿಗೆ ಅವಳು ಏದುಸಿರು ಬಿಡುತ್ತ ಓಡಿ ಬಂದಾಗ ಆರು ಗಂಟೆ ಹತ್ತು ನಿಮಿಷ. ನರಹರಿರಾಯರು ಗಡಿಯಾರ ನೋಡಿದರು, ಅವಳ ಹಣೆಯ ಬೊಟ್ಟನ್ನೂ ನೋಡಿದರು.

"ಸಾರ್, ನನ್ನನ್ನ ಮಾರೋವರೆಗೂ ಬಾಗಿಲು ತೆಗೀಲಿಲ್ಲ ಸಾರ್!" ಎಂದು ಪ್ರಫುಲ್ಲಾ ಲೆಕ್ಕವನ್ನೂ ಬಿಲ್ಲನ್ನೂ ಮುಂದಿಟ್ಟಳು.

ರಾಯರು ಲೆಕ್ಕ ನೋಡಿದರು. ತಪ್ಪಿರಲಿಲ್ಲ. ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೂ ಓದಿ, ಕೊನೆಯ ಸಾಲಿಗೆ ಬಂದು ನಿಟ್ಟುಸಿರು ಬಿಟ್ಟರು.

"ಏನಮ್ಮ ಮಾಡ್ಲಿ? ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಅಚ್ಚು ಹಾಕ್ಬಿಟ್ಟಿದಾರೆ. ನಾಳೆ ಒಂಬತ್ತಕ್ಕೇ ಬಾ."